ಲೂನಾಗೆ ಕಲಸಿ ಹಾಕಿದ ಹುಳಿಯನ್ನ

ಧೃತಿ, ನಿನ್ನ ಬೆಕ್ಕು ಲೂನಾ ಸತ್ತದ್ದು ನಾನು ಹಾಕಿದ ಊಟದಿಂದ. ನಿನ್ನಿಂದಲ್ಲ. ಎಂಟು ವರ್ಷ ಈ ಮಾತನ್ನು ನುಂಗಿಕೊಂಡೇ ನಿಮ್ಮ ಮನೆಯಲ್ಲಿ ಕೂತು ಕಾಫಿ ಕುಡಿದಿದ್ದೇನೆ.

ಆ ವರ್ಷ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಜಕ್ಕೆ ನೀವೆಲ್ಲ ಶಾಮ್‌ಬರ್ಗ್‌ನ ನಿನ್ನ ಚಿಕ್ಕಪ್ಪನ ಮನೆಗೆ ಹೊರಟಾಗ, ನಾರ್ತ್‌ವಿಲ್‌ನ ನಮ್ಮ ಮನೆಯಲ್ಲಿ ಬೆಕ್ಕನ್ನು ಬಿಟ್ಟಿರಿ. ನಿನ್ನಮ್ಮ ಮೀನಿನ ಡಬ್ಬಿಗಳನ್ನು ಕೊಟ್ಟು, "ಆಂಟಿ, ಇದನ್ನ ಬಿಟ್ಟು ಬೇರೇನೂ ಹಾಕ್ಬೇಡಿ" ಎಂದಿದ್ದಳು. ತಲೆಯಾಡಿಸಿದೆ. ಆದರೆ ಒಂದರ ಮುಚ್ಚಳ ತೆರೆದದ್ದೇ ಮೂಗು ಮುಚ್ಚಿ ದೂರ ತಳ್ಳಿದೆ — ದೇವರ ದೀಪ ಹಚ್ಚುವ ಕೈ, ನಮ್ಮ ಅಡುಗೆಮನೆ... ಹಬ್ಬದೂಟಕ್ಕೆ ಕರೆದವರಿಗೆಂದು ಮಾಡಿದ್ದ ಈರುಳ್ಳಿ ಹುಳಿ ಪಾತ್ರೆ ತುಂಬ ಉಳಿದಿತ್ತು. ಅನ್ನಕ್ಕೆ ಹಾಕಿ, ತುಪ್ಪ ಬಿಟ್ಟು, ಈರುಳ್ಳಿ ಸಿಗದ ಹಾಗೆ ಕಿವುಚಿ ಕಲಸಿದೆ. ಲೂನಾ ಮೊದಲು ಮೂಸಿ ಹೋಯಿತು. ಹಸಿವು ತಡೆಯಲಾಗದೆ ಬಂದು ತಿಂದಿತು. ನಾಲ್ಕು ದಿನವೂ ಅದೇ. ಡಬ್ಬಿಗಳನ್ನು ಕವರಿನಲ್ಲಿ ಸುತ್ತಿ ಕಸಕ್ಕೆ ಹಾಕಿದೆ, ಎಲ್ಲ ಖಾಲಿಯಾಯಿತೆಂದು ತೋರಲಿ ಎಂದು. ಬೆಕ್ಕನ್ನೂ ಸಸ್ಯಾಹಾರಿ ಮಾಡಿದೆನೆಂದು ಒಳಗೊಳಗೇ ಬೀಗಿದೆ ಬೇರೆ.

ಮಂಗಳವಾರ ನಿನ್ನಮ್ಮ ಪ್ರಾಣಿಗಳ ಆಸ್ಪತ್ರೆಯಿಂದ ಫೋನ್ ಮಾಡಿದಳು. "ಆಂಟಿ, ಬ್ಲಡ್ ತುಂಬಾ ಕಮ್ಮಿಯಾಗಿದೆ ಅಂತಿದಾರೆ. ಈರುಳ್ಳಿ, ಬೆಳ್ಳುಳ್ಳಿ ಏನಾದ್ರೂ ತಿಂತಾ ಅಂತ ಡಾಕ್ಟರ್ ಕೇಳ್ತಿದಾರೆ. ಬೇಗ ಹೇಳಿ."

ಹುಳಿಯ ಪಾತ್ರೆ ಇನ್ನೂ ಸಿಂಕಿನಲ್ಲಿ ನೆನೆಯುತ್ತಿತ್ತು. ಹೇಳಿಬಿಡಬೇಕೆಂದೇ ಬಾಯಿ ತೆರೆದೆ —

"ಇಲ್ಲಮ್ಮ. ನೀನು ಕೊಟ್ಟ ಡಬ್ಬಿನೇ ಹಾಕಿದ್ದು."

ಫೋನಿನ ಆ ಕಡೆ ನೀನು ಅಳುವುದು ಕೇಳಿಸಿತು. "ಮಮ್ಮಿ, ಇಟ್ ವಾಸ್ ಮಿ. ಐ ಗೇವ್ ಹರ್ ಗಾರ್ಲಿಕ್ ಬ್ರೆಡ್." ಭಾನುವಾರ ಮನೆಗೆ ಬಂದಾಗ ಕೊಟ್ಟಿದ್ದೆಯಂತೆ, ಉಗುರಿನಷ್ಟು ಚೂರು. ಹತ್ತು ವರ್ಷದವಳು ನೀನು, ಯಾರೂ ಒತ್ತಾಯಿಸದೆ ಒಪ್ಪಿಕೊಂಡೆ. ಅರವತ್ತು ದಾಟಿದ ನಾನು ಬಚಾವಾದೆನೆಂದು ಉಸಿರು ಬಿಟ್ಟೆ. ಹೌದು, ಹಾಗೇ ಅನ್ನಿಸಿತು ಆಗ.

ಅಷ್ಟು ಚೂರಿಗೆ ಹೀಗಾಗದು ಎಂದು ಡಾಕ್ಟರ್ ಬೇರೆ ಕಾಯಿಲೆ ಹುಡುಕುತ್ತಾ ಎರಡು ದಿನ ಕಳೆದರು. ಗುರುವಾರ ಲೂನಾ ಹೋಯಿತು. ನಾನು ನಿಜ ಹೇಳಿದ್ದರೆ ಆ ಎರಡು ದಿನ — ಉಳಿಯುತ್ತಿತ್ತೋ ಏನೋ. ನಿನ್ನ ತಪ್ಪಲ್ಲ ಎಂದು ಎಲ್ಲರೂ ಹೇಳಿದರು, ನಾನೂ ಹೇಳಿದೆ, ನಾಚಿಕೆಯಿಲ್ಲದೆ. ನೀನು ನಂಬಲಿಲ್ಲ.

ಮೊನ್ನೆ ದೀಪಾವಳಿಗೆ ನೀನು ನಮ್ಮ ಮನೆಗೆ ಬಂದಾಗ ಪಕ್ಕದ ಮನೆಯ ಬೆಕ್ಕು ನಿನ್ನ ಕಾಲಿಗೆ ಮೈ ಉಜ್ಜಿತು. ನೀನು ಕೈಗಳನ್ನು ಹಿಂದಕ್ಕೆ ಎಳೆದುಕೊಂಡೆ. "ನಾನು ಮುಟ್ಟಲ್ಲ ಅಜ್ಜಿ. ಐ ಕಿಲ್ಡ್ ಒನ್" ಎಂದೆ.

ಈಗ ಮನಸ್ಸಿನಲ್ಲೇ ಹೇಳಿಕೊಂಡ ಇದನ್ನೆಲ್ಲ ನಾಳೆ ನಿನ್ನಮ್ಮನ ಎದುರಿಗೇ ನಿನಗೆ ಹೇಳುತ್ತೇನೆ. ನೀವು ಏನು ಅಂದರೂ ಕೂತು ಕೇಳುತ್ತೇನೆ. ಕ್ಷಮಿಸು ಎಂದು ಮಾತ್ರ ಕೇಳುವುದಿಲ್ಲ, ಧೃತಿ — ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ.