ಕೊಟ್ಟವರ ಫೈಲು

ಸಿರುಗುಪ್ಪದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಗೆ ಹೋಗಿ ನಾಗಲಕ್ಷ್ಮಿಯ ಮನೆ ಯಾವುದೆಂದು ಕೇಳಿದರೆ ಜನ ನಿಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ. ಗೊತ್ತಿಲ್ಲದವರು ಯಾರಿದ್ದಾರೆ! ಮದುವೆ ಕಾರ್ಡು, ತೊಟ್ಟಿಲ ಕಾರ್ಡು, ಆಫೀಸಿಗೆ ಕೊಡುವ ಅರ್ಜಿ, ಶಾಲೆಯ ಪ್ರಶ್ನೆಪತ್ರಿಕೆ, ಕನ್ನಡದಲ್ಲಿ ಟೈಪ್ ಆಗಬೇಕೆಂದರೆ ಎಲ್ಲರೂ ಬಂದು ಕೂರುವುದು ಅವಳ ಪಡಸಾಲೆಯಲ್ಲೇ. ಹತ್ತನೇ ತರಗತಿ ಮುಗಿಸಿ ದೇಶನೂರಿನಿಂದ ಬಂದವಳು ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡಿಕೊಂಡಿದ್ದಾಳೆ. ಕಾಗುಣಿತ ತಪ್ಪಿದ್ದರೆ ಎಂಥ ದೊಡ್ಡವರ ಪತ್ರವನ್ನೂ ಕೇಳದೆ ತಿದ್ದಿಬಿಡುತ್ತಾಳೆ. ಬಾಯಿ ಜೋರು. ನಂಬಿಕೆ ಅದಕ್ಕಿಂತ ಜೋರು, ಅವಳು ಕೆಟ್ಟದ್ದೂ ಅಲ್ಲೇ.

ಎಂಟು ವರ್ಷದ ಹಿಂದೆ ಒಬ್ಬರು ಕರಪತ್ರ ಮಾಡಿಸಲು ಬಂದರು. ಬಳ್ಳಾರಿಯ ಪಾರ್ವತಿನಗರದ ಪ್ರಹ್ಲಾದ ಸರ್, ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಹಿತ್ತಲಲ್ಲಿ ನಾಗಲಕ್ಷ್ಮಿಯ ಅಜ್ಜಿ ಗಾದೆಮ್ಮ ಮೇಕೆಯನ್ನು ಬೈಯುತ್ತಿದ್ದಳು. ಸರ್ ಕರಪತ್ರ ಮರೆತು ಕಿವಿಗೊಟ್ಟು ಕೂತರು. "ಈ ಮಾತು ಯಾವ ಪುಸ್ತಕದಾಗೂ ಇಲ್ಲ ನೋಡು. ನೀ ಕೂಡಿಸು, ನಾ ಅರ್ಥ ಹೊಂದಸ್ತೀನಿ. ಪುಸ್ತಕ ಇಬ್ಬರದೂ" ಎಂದರು. ಸರ್ ಸುಳ್ಳು ಹೇಳುವವರಲ್ಲ ಎಂಬುದು ಬಳ್ಳಾರಿಗೆಲ್ಲ ಗೊತ್ತಿದ್ದ ಮಾತು. ಅವರೂ ಅದನ್ನು ಆಗಾಗ ಹೇಳಿಕೊಳ್ಳುತ್ತಿದ್ದರು.

ಅಂದಿನಿಂದ ನಾಗಲಕ್ಷ್ಮಿಗೆ ಭಾನುವಾರವೆಂಬುದೇ ಇಲ್ಲವಾಯಿತು. ನೆಲ್ಲು ನಾಟಿ ಹಚ್ಚಲು ಹೋಗುವ ಹೆಣ್ಣಾಳುಗಳ ಜೊತೆ ಟ್ರ್ಯಾಕ್ಟರ್ ಹತ್ತುವಳು, ದೇಶನೂರು, ಕರೂರು ಅಂತ ಗದ್ದೆಯ ಬದುವಿನ ಮೇಲೆ ನೋಟ್‌ಬುಕ್ ಹಿಡಿದು ಕೂರುವಳು. ಪ್ರತಿ ಮಾತಿನ ಮುಂದೆಯೂ ಕೊಟ್ಟವರ ಹೆಸರು ಬರೆಯುತ್ತಿದ್ದಳು. ಬರೆಯದಿದ್ದರೆ ಆ ಹೆಂಗಸರು ಬಿಡಬೇಕಲ್ಲ! ಮದುವೆಯಲ್ಲಿ ಒಂದು ತಂಬಿಗೆ ಮುಯ್ಯಿ ಮಾಡಿದರೂ ಹೆಸರು ಬರೆಸಿಯೇ ಪಂಕ್ತಿಗೆ ಹೋಗುವ ಜನ ಅವರು. ಕೊಟ್ಟದ್ದು ಯಾರದೆಂದು ತಿಳಿಯದಿದ್ದರೆ ತಿರುಗಿ ಮುಯ್ಯಿ ಮಾಡುವುದು ಯಾರಿಗೆ? "ಬರಕೊಂಡ್ಯಾ ನನ್ನ ಹೆಸರ? ಸುಂಕಲಮ್ಮ, ಕರೂರು ಅಂತ ಬರಿ. ಪುಸ್ತಕದಾಗ ಬರತೈತಲ್ಲ?" ಎಂದು ಕರೂರಿನ ಮುದುಕಿ ಸುಂಕಲಮ್ಮ ಪ್ರತಿ ಸಲವೂ ಕೇಳುತ್ತಿದ್ದಳು. "ಬರತೈತಿ, ನನ್ನಾಣಿ" ಎಂದು ನಾಗಲಕ್ಷ್ಮಿ ಪ್ರತಿ ಸಲವೂ ಹೇಳುತ್ತಿದ್ದಳು.

ಸುಂಕಲಮ್ಮ ಕೊಟ್ಟವುಗಳಲ್ಲಿ ನಾಗಲಕ್ಷ್ಮಿಗೆ ಬಲು ಇಷ್ಟವಾದದ್ದು 'ತೆಗಿ' ಎಂಬ ಮಾತು. ದಿನಾ ಆಡುವ ಮಾತೇ, ಆದರೆ ಮುದುಕಿ ಅದನ್ನು ಬಿಡಿಸಿಟ್ಟ ಚೆಂದವೇ ಚೆಂದ. "ಬಾಗಲಾ ತೆಗಿ ಅಂದ್ರ ತೆರಿ. ಸದಿ ತೆಗಿ ಅಂದ್ರ ಕಳಿ ಕಿತ್ತು ಒಗಿ. ಬೆಳಿ ತೆಗಿ ಅಂದ್ರ ಬೆಳಸು. ಪುಸ್ತಕ ತೆಗದ್ರು ಅಂದ್ರ ಹೊರಗ ತಂದ್ರು. ಒಂದ ಮಾತು, ನಾಕು ಮನಿ ಸೊಸಿಯಾಗಿ ದುಡಿತೈತಿ ನೋಡವ್ವ" ಎಂದು ನಕ್ಕಿದ್ದಳು.

ಎರಡು ಸಾವಿರಕ್ಕೂ ಮೇಲೆ ಮಾತುಗಳಾದವು. ಅವೆಲ್ಲ ಪಡಸಾಲೆಯ ಕಂಪ್ಯೂಟರಿನಲ್ಲಿ ಒಂದು ಫೈಲಾದವು. ಕೊಟ್ಟವರ ಹೆಸರುಗಳು ಬೇರೆ ಫೈಲು, ಅದರ ಹೆಸರೇ 'ಕೊಟ್ಟವರು'. ಅರವತ್ಮೂರು ಜನ. ಮೊದಲ ಹೆಸರು ಗಾದೆಮ್ಮನದು, ಮುದುಕಿ ಹೋಗಿ ಮೂರು ವರ್ಷವಾಗಿತ್ತು. ಕೊನೆಯದು ನಾಗಲಕ್ಷ್ಮಿಯದೇ. ಮಾತಿನ ಫೈಲು ಸರ್ ಹತ್ತಿರವೂ ಇತ್ತು. ನೋಟ್‌ಬುಕ್ಕುಗಳನ್ನು ಅವರು ತಾಳೆ ನೋಡಲೆಂದು ಒಯ್ದಿದ್ದರು. 'ಕೊಟ್ಟವರು' ಮಾತ್ರ ಇವಳ ಕಂಪ್ಯೂಟರಿನಲ್ಲೇ ಇತ್ತು.

ಈ ವರ್ಷ ಯುಗಾದಿ ಕಳೆದ ಮೇಲೆ ಕಂಪ್ಯೂಟರಿಗೆ ಜಡ್ಡು ಹಿಡಿಯಿತು. ಬಟನ್ ಒತ್ತಿ ಸ್ನಾನ ಮುಗಿಸಿ ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಒಂದಕ್ಷರ ಒತ್ತಿದರೆ ಆಕಳಿಸಿ, ಮೈಮುರಿದು ಆಮೇಲೆ ಮೂಡುತ್ತಿತ್ತು. ಮದುವೆ ಸೀಸನ್ನು ಬೇರೆ! "ಏನಕ್ಕಾ, ಹುಡುಗನ ಹೆಸರು ಬರೋದ್ರಾಗ ಕೂಸು ಹುಟ್ಟತೈತಿ" ಎಂದು ಗಿರಾಕಿಗಳು ಛೇಡಿಸುತ್ತಿದ್ದರು.

ಇಂಥದರಲ್ಲೇ ಒಂದು ಗುರುವಾರ ಪ್ರಹ್ಲಾದ ಸರ್ ಕೊನೆಯ ತಿದ್ದುಪಡಿಗೆಂದು ಬಂದರು. ಅವರು ಹೊರಗೆ ಬೇಯಿಸಿದ್ದನ್ನು ಉಣ್ಣುವುದಿಲ್ಲ. "ಹಸಿವ್ಯಾಗ್ಯದ ನಾಗಲಕ್ಷ್ಮಿ, ಬಾಳೆಹಣ್ಣು ಸಿಕ್ಕಾವೇನು ನೋಡು. ಏಲಕ್ಕಿ ಬಾಳೆ ಇದ್ರ ಚಲೋ" ಎಂದರು. ಓಣಿಯ ಅಂಗಡಿಯಲ್ಲಿ ಏಲಕ್ಕಿ ಬಾಳೆ ಇರಲಿಲ್ಲ. ಬಿಸಿಲಲ್ಲಿ ಮಾರ್ಕೆಟ್ಟಿನವರೆಗೂ ನಡೆದು, ಕೈಯಿಂದ ಮುಟ್ಟಿ ಆರಿಸಿ ತಂದಳು. ಸರ್ ನಾಲ್ಕು ಹಣ್ಣು ತಿಂದು, ಕೈ ತೊಳೆದು, ಬಸ್ಸು ಹತ್ತಿದರು.

ಸಂಜೆ ನೋಡಿದರೆ 'ಕೊಟ್ಟವರು' ಇಲ್ಲ. ಹುಡುಕಿದಳು, ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡಿದಳು, ಮತ್ತೆ ಹುಡುಕಿದಳು. ಸರ್‌ಗೆ ಫೋನು ಹಚ್ಚಿದಳು.

"ಸರ್, ಹೆಸರಿನ ಫೈಲ್ ಕಾಣವಲ್ದು. ನೀವೇನಾರ ನೋಡಿದ್ರ್ಯಾ?"

"ಹೌದವಾ, ನಾ ಅದನ್ನ ತೆಗದಿದ್ದೆ" ಎಂದರು ಸರ್ ಸಮಾಧಾನದಿಂದ. "ಆ ಡಿಸ್ಕು ಹಳೇದಾತಲ್ಲ. ಸಿಕ್ರ ಹಾಕೋಣ ತಗೋ. ಅಚ್ಚಿಗೆ ಕೊಡ್ಲಿಕ್ಕೆ ತಿಂಗಳ ಕೊನೀತನಕಾ ವ್ಯಾಳ್ಯಾ ಅದ."

ತೆರೆದು ನೋಡಿದ್ದರಂತೆ, ಅಂದರೆ ಬೆಳಿಗ್ಗೆ ಇತ್ತು. ತೆರೆದಾಗಲೇ ಡಿಸ್ಕು ಕೈಕೊಟ್ಟಿರಬೇಕು. ಹೀಗೆ ಲೆಕ್ಕ ಹಾಕಿ ನಾಗಲಕ್ಷ್ಮಿ ಕಂಪ್ಯೂಟರಿನ ಜೀವ ಉಳಿಸಲು ಕೂತಳು. ಡಬ್ಬಿ ಬಿಚ್ಚಿ ಧೂಳು ಹೊಡೆದಳು. ತಾನಾಗಿ ಚಾಲೂ ಆಗುವ ಬೇಡದ ಪ್ರೋಗ್ರಾಮುಗಳನ್ನೆಲ್ಲ ನಿಲ್ಲಿಸಿದಳು. ವೈರಸ್ಸು ಹುಡುಕಿಸಿದಳು, ಸಿಗಲಿಲ್ಲ. ಏನೂ ಕೆಲಸ ಮಾಡದೆ ಸುಮ್ಮನಿದ್ದಾಗಲೂ ಡಿಸ್ಕು ನೂರಕ್ಕೆ ನೂರು ದುಡಿಯುತ್ತಿದೆ ಎಂದು ಪರದೆ ತೋರಿಸುತ್ತಿತ್ತು. ದೋಷ ಪರೀಕ್ಷೆಗೆ ಹಚ್ಚಿದಳು, ಅದು ಶೇಕಡಾ ಇಪ್ಪತ್ತೇಳಕ್ಕೆ ಹೋಗಿ ನಿಂತದ್ದು ಎರಡು ದಿನ ಅಲ್ಲಾಡಲಿಲ್ಲ. ಡಬ್ಬಿಗೆ ಕಿವಿ ಹಚ್ಚಿದರೆ ಒಳಗೆ ಟಿಕ್, ಟಿಕ್. ಅಜ್ಜಿಯ ಕೊನೆಯ ದಿನಗಳ ಉಸಿರು ನೆನಪಾಗಿ ಕಣ್ಣಲ್ಲಿ ನೀರು ಬಂತು.

ಗಿರಾಕಿಯೊಬ್ಬ ಕುರುಗೋಡಿನ ಚಿದಾನಂದಪ್ಪನ ಹೆಸರು ಹೇಳಿದ. ಹಿಂದೆ ರೇಡಿಯೊ ರಿಪೇರಿ ಮಾಡುತ್ತಿದ್ದವನು, ಈಗ ಸತ್ತ ಡಿಸ್ಕಿನಿಂದಲೂ ಮದುವೆಯ ಫೋಟೊ ತೆಗೆದುಕೊಡುತ್ತಾನಂತೆ. ನಾಗಲಕ್ಷ್ಮಿ ಡಿಸ್ಕನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಬಸ್ಸಿನಲ್ಲಿ ಉದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ಹೋದಳು.

ಚಿದಾನಂದಪ್ಪ ಕೇಳಿದ ಕೂಡಲೇ ಬೈದ. "ಎರಡು ದಿನ ಚೆಕ್ ಮಾಡಾಕ ಹಚ್ಚಿದ್ರ್ಯಾ? ಸಾಯಾಕ ಬಿದ್ದ ಎತ್ತಿಗೆ ನೇಗಿಲಾ ಕಟ್ಟತಾರೇನ್ ತಂಗೀ? ಮೊದ್ಲು ನಕಲು, ಆಮ್ಯಾಲೆ ರಿಪೇರಿ. ನಾಡದು ಬರ್ರಿ."

ಮೂರನೆಯ ದಿನ ಹೋದಾಗ ಅವನು ಕುರ್ಚಿ ಒರೆಸಿ ಕೂರಿಸಿದ. "ಗದ್ದಿಯೊಳಗ ಅಲ್ಲಲ್ಲಿ ಏನೂ ಬೆಳೀದಂಗ ಸವಳು ಬೀಳತೈತಲ್ಲ, ಹಂಗ ನಿಮ್ಮ ಡಿಸ್ಕಿನಾಗೂ ಬಿದ್ದೈತಿ. ಅದಕ್ಕ ನಿಧಾನ. ಎರಡು ಮದುವಿ ಕಾರ್ಡು, ಹಳೇ ಅರ್ಜಿ ಒಂದಿಷ್ಟು ಹೋಗ್ಯಾವು. ನೀವು ಹೇಳಿದ್ದು ಸಿಕ್ಕೈತಿ, ಒಂದಕ್ಷರ ಕೆಟ್ಟಿಲ್ಲ."

ನಾಗಲಕ್ಷ್ಮಿ ಎದ್ದು ನಿಂತು ಕೈಮುಗಿದಳು. "ನಿಮ್ಮ ಹೊಟ್ಟಿ ತಣ್ಣಗಿರ್ಲಿ ಅಣ್ಣಾ!"

"ಆದ್ರ ಒಂದು ಮಾತು. ಅದು ಸವಳ ನೆಲದಾಗ ಇದ್ದಿಲ್ಲ, ಚಲೋ ನೆಲದಾಗ ಇತ್ತು. ಡಿಸ್ಕು ತಿಂದಿಲ್ಲ ಇದನ್ನ. ಯಾರೋ ತೆಗದಾರ."

"ನಾನಾ ದಿನಾ ತೆಗೀತಿದ್ದೆನಲ್ಲ?"

"ಆ ತೆಗಿಯೋದಲ್ಲ ತಂಗೀ. ತೆಗದ್ ಹಾಕ್ಯಾರ. ಕಸದಬುಟ್ಟಿಗೆ ಒಗದು, ಬುಟ್ಟಿನೂ ಖಾಲಿ ಮಾಡ್ಯಾರ. ಆದ್ರ ಬುಟ್ಟಿಗೆ ಒಗದ ಹೊತ್ತನ್ನ ಮಶೀನು ಚೀಟಿ ಬರದಂಗ ಬರದಿಡತೈತಿ. ಆ ಚೀಟಿನೂ ಸಿಕ್ಕೈತಿ, ನೋಡ್ರಿ."

ಪರದೆಯ ಮೇಲೆ ತಾರೀಖು ಇತ್ತು. ಗುರುವಾರ, ಬೆಳಿಗ್ಗೆ ಹನ್ನೊಂದು ನಲವತ್ತೆರಡು. ಹನ್ನೊಂದು ನಲವತ್ತೆರಡಕ್ಕೆ ನಾಗಲಕ್ಷ್ಮಿ ಮಾರ್ಕೆಟ್ಟಿನಲ್ಲಿ ಏಲಕ್ಕಿ ಬಾಳೆ ಆರಿಸುತ್ತಿದ್ದಳು.

ಅವಳಿಗೆ ಮೊದಲು ಬಂದದ್ದು ಸಿಟ್ಟಲ್ಲ, ನಾಚಿಕೆ. ಬಾಳೆಹಣ್ಣಿಗೆ ಕಳಿಸಿದರೆ ಹೋಗುವ ಹುಚ್ಚಿ! ಫೋನಿನಲ್ಲಿ ಸರ್ ಆಡಿದ ಮಾತು ಕಿವಿಯಲ್ಲಿ ಮತ್ತೆ ಕೇಳಿಸಿತು. ಹೌದವಾ, ನಾ ಅದನ್ನ ತೆಗದಿದ್ದೆ. ಅಯ್ಯೋ ಶಿವನೇ, ಸುಳ್ಳೆಲ್ಲಿ ಹೇಳಿದ್ದರು ಅವರು? ಅದೇ ಮಾತಿಗೆ ನಾಲ್ಕು ಅರ್ಥ ಬರೆದುಕೊಂಡವಳು ತಾನೇ, ತನಗೆ ಬೇಕಾದ ಅರ್ಥ ಹಚ್ಚಿಕೊಂಡವಳೂ ತಾನೇ. ಬಿಸಿಲಿನಲ್ಲಿ ನಿಂತು ಬಳ್ಳಾರಿ ಬಸ್ಸಿಗೆ ಕಾದಳು. ಬ್ಯಾಗಿನಲ್ಲಿ ಚಿದಾನಂದಪ್ಪ ಪ್ರಿಂಟ್ ತೆಗೆದುಕೊಟ್ಟ ಹೆಸರಿನ ಹಾಳೆಗಳಿದ್ದವು. ತಿಂಗಳು ಮುಗಿಯಲು ಇನ್ನೂ ಒಂಬತ್ತು ದಿನವಿತ್ತು. ಸರ್ ಈ ಹೆಸರುಗಳನ್ನು ಹಾಕಿಸಲಿ, ಹಾಕಿಸಿದರೆ ಏನೂ ಕೇಳುವುದಿಲ್ಲ ಎಂದು ದಾರಿಯುದ್ದಕ್ಕೂ ತನ್ನನ್ನೇ ಒಪ್ಪಿಸಿಕೊಂಡಳು.

ಪಾರ್ವತಿನಗರದ ಮನೆಯ ಬಾಗಿಲು ತೆಗೆದವರು ಸರ್ ಹೆಂಡತಿ ಇಂದಿರಾಬಾಯಿ. ಪಡಸಾಲೆಯಲ್ಲಿ ಕಂದು ಕಾಗದದ ಕಟ್ಟುಗಳು ಸೊಂಟದೆತ್ತರ ನಿಂತಿದ್ದವು. ಒಂದು ಕಟ್ಟು ಬಿಚ್ಚಿತ್ತು. ಪುಸ್ತಕ ಬಂದಾಗಿತ್ತು! ಮುಖಪುಟದಲ್ಲಿ ಒಂದೇ ಹೆಸರು. ಒಳಗೆ ಮೊದಲ ಪುಟದಲ್ಲಿ 'ಹಳ್ಳಿಯ ಹೆಣ್ಣುಮಕ್ಕಳಿಗೆ ಋಣಿ' ಎಂದೊಂದು ಸಾಲು. ಅದರ ಕೆಳಗೆ ಸಣ್ಣಕ್ಷರದಲ್ಲಿ 'ಟೈಪಿಂಗ್: ನಾಗಲಕ್ಷ್ಮಿ, ಸಿರುಗುಪ್ಪ'.

"ತಿಂಗಳ ಕೊನೀಗೆ ಅಂದಿದ್ರಿ" ಎಂದಳು.

"ಪ್ರೆಸ್ಸಿನವರು ಅವಸರಾ ಮಾಡಿದ್ರು" ಎಂದರು ಪ್ರಹ್ಲಾದ ಸರ್.

ಅವಳು ಹಾಳೆಗಳನ್ನು ಟೇಬಲ್ಲಿನ ಮೇಲಿಟ್ಟು, ಚೀಟಿಯ ವಿಷಯ ಹೇಳಿದಳು. ದಿನ, ಹೊತ್ತು, ಬಾಳೆಹಣ್ಣು. ಸರ್ ಕನ್ನಡಕ ತೆಗೆದು ಒರೆಸಿದರು. ಹೆದರಿದಂತೆ ಕಾಣಲಿಲ್ಲ.

"ತೆಗದೆ ಅಂತ ಅವತ್ತೇ ಹೇಳಿದ್ದೆನಲ್ಲ? ನಾ ಸುಳ್ಳು ಹೇಳಂಗಿಲ್ಲ. ನೋಡವಾ, ಅರವತ್ಮೂರು ಕೂಲಿ ಹೆಂಗಸರ ಹೆಸರು ಹಾಕಿದ್ರ ಅದು ಪದಕೋಶ ಆಗ್ತದೋ, ಹಾಜರಿ ಪಟ್ಟಿ ಆಗ್ತದೋ? ಪುಸ್ತಕ ಅಂದಮ್ಯಾಲೆ ಒಬ್ಬ ಕರ್ತೃ ಇರಬೇಕು. ಆ ಫೈಲು ಇದ್ರ ನೀ ಹಟಾ ಹಿಡೀತಿದ್ದಿ. ಇಲ್ಲ ಅಂದ್ರ ನೀನೂ ಸಮಾಧಾನದಿಂದ ಇರ್ತಿದ್ದಿ."

"ನೀವು ಕೇಳಿದ್ರ ನನ್ನ ಹೆಸರು ನಾನಾ ಬಿಡ್ತಿದ್ದೆ ಸರ್. ಅವರದು ನಂದಲ್ಲ, ಬಿಡಾಕ."

ಇಂದಿರಾಬಾಯಿ ತಟ್ಟೆಯಲ್ಲಿ ಬಾಳೆಹಣ್ಣು ತಂದಿಟ್ಟರು, ಪಾಪ ಅವರಿಗೇನು ಗೊತ್ತು. ನಾಗಲಕ್ಷ್ಮಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಉಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತಾರೆ. ಸರ್ ಅವಳ ಮನೆಯಲ್ಲಿ ಉಂಡಿರಲೇ ಇಲ್ಲವಲ್ಲ, ಹಣ್ಣು ತಿಂದು ಕೈ ತೊಳೆದುಕೊಂಡಿದ್ದರು ಅಷ್ಟೆ. ತನ್ನ ಹಾಳೆಗಳ ಜೊತೆ ಒಂದು ಪುಸ್ತಕವನ್ನೂ ಕೇಳದೆ ಎತ್ತಿಕೊಂಡು ಅವಳು ಹೊರಬಿದ್ದಳು.

ಭಾನುವಾರ ಕರೂರಿಗೆ ಹೋದಳು. ಹೋಗದೆ ಇರಬಹುದಿತ್ತು. ಆದರೆ ಪುಸ್ತಕ ಬಂದ ಸುದ್ದಿ ಒಂದಿಲ್ಲೊಂದು ದಿನ ಬಸ್ಸು ಹತ್ತಿ ತಾನೇ ಹೋಗುತ್ತಿತ್ತು. ಸುಂಕಲಮ್ಮ ಜಗಲಿಯ ಮೇಲೆ ಕೂತು ಅಕ್ಕಿ ಹಸನು ಮಾಡುತ್ತಿದ್ದಳು. ಕೈಯಲ್ಲಿದ್ದ ಪುಸ್ತಕ ಕಂಡವಳೇ ಮೊರ ಬದಿಗಿಟ್ಟಳು.

"ಪುಸ್ತಕ ತೆಗದ್ರ್ಯಾ ಯವ್ವಾ?"

"ತೆಗದ್ರವ್ವ."

"ನನ್ನ ಹೆಸರ?"

ನಾಗಲಕ್ಷ್ಮಿ ಪುಸ್ತಕವನ್ನು ಇನ್ನೊಂದು ಕೈಗೆ ಬದಲಿಸಿದಳು. "ತೆಗದಾರ" ಎಂದಳು.

ಮುದುಕಿಯ ಮುಖ ಅರಳಿತು. "ಏ ವಿರೂಪಮ್ಮಾ, ಬಾ ಇಲ್ಲೆ! ನಮ್ಮ ಹೆಸರ ಪುಸ್ತಕದಾಗ ತೆಗದಾರಂತ!" ಎಂದು ಪಕ್ಕದ ಮನೆಗೆ ಕೇಳುವಂತೆ ಕೂಗಿದಳು.

ಆಗ ನಾಗಲಕ್ಷ್ಮಿಗೆ ತಾನೇನು ಮಾಡಿದೆ ಎಂಬುದು ಹೊಳೆಯಿತು. ಅದೇ ಮಾತು, ಅದೇ ಜಾಣತನ. ಪಾರ್ವತಿನಗರದ ಆ ಪಡಸಾಲೆಯಲ್ಲಿ ಕೂತವರಿಗೂ ತನಗೂ ಏನು ಫರಕು ಉಳಿಯಿತು? ತನ್ನ ಬಾಯಿಗೇ ಹೇಸಿಕೆಯಾಯಿತು.

"ಅಲ್ಲವ್ವ" ಎಂದಳು. "ತೆಗದ್ ಹಾಕ್ಯಾರ. ನಿಂದು, ನಮ್ಮಜ್ಜಿದು, ಎಲ್ಲಾರದೂ. ನಿಮ್ಮ ಮಾತೆಲ್ಲಾ ಐತಿ, ಹೆಸರಿಲ್ಲ. ನಾ ನಂಬಿ ಕೆಟ್ಟೆ, ನಿಮ್ಮನ್ನೂ ಕೆಡಿಸಿದೆ."

ನಾಗಲಕ್ಷ್ಮಿ ಬ್ಯಾಗಿನಿಂದ ಹಾಳೆ ತೆಗೆದು, ಸುಂಕಲಮ್ಮನ ಬೆರಳು ಹಿಡಿದು ಒಂದು ಸಾಲಿನ ಮೇಲಿಟ್ಟು, "ಇಲ್ಲೈತಿ ನೋಡವ್ವ ನಿನ್ನ ಹೆಸರು" ಎಂದಳು. ಮುದುಕಿ ಹಾಳೆಯನ್ನು ತಿರುಗಿಸಿ ಹಿಂದೆ ಏನಾದರೂ ಇದೆಯೇ ಎಂದು ನೋಡಿದಳು.

"ಇದು ಪುಸ್ತಕೇನು?"

"ಅಲ್ಲ."

"ಹೆಸರು ಬರಕೊಳ್ಳದ ಮನಿಗೆ ನಾವು ಮುಯ್ಯಿ ಮಾಡಂಗಿಲ್ಲ" ಎಂದಳು ಸುಂಕಲಮ್ಮ. ದನಿ ಏರಿಸಲಿಲ್ಲ, ಬೈಯಲಿಲ್ಲ. ಹಾಳೆಯನ್ನು ಮಡಿಸಿ ನಾಗಲಕ್ಷ್ಮಿಯ ಕೈಗೇ ಕೊಟ್ಟು, ಮೊರ ಎತ್ತಿಕೊಂಡಳು. "ಹಂಗಾರ ನನ್ನ ಮಾತು ನನಗ ತಿರುಗಿ ಕೊಟ್ಟು ಹೋಗವ್ವ."