ಕೋಳಿಯನ್ನು ಆಡು ಮಾಡಿದ ಉಪದೇಶಿ

ಇವತ್ತು ಬೆಳಿಗ್ಗೆ ನನ್ನ ಮೊಮ್ಮಗಳು ನಮ್ಮ ಕ್ರೈಸ್ತ ದೇವಾಲಯದಲ್ಲಿ ಸತ್ಯವೇದದ ಮೇಲೆ ಪ್ರಸಂಗ ಮಾಡಿದಳು! ಯುವಜನರ ಆದಿತ್ಯವಾರ. ಇಪ್ಪತ್ತೊಂದು ವರ್ಷದ ಹುಡುಗಿ ಬಿಳಿ ಸೀರೆ ಉಟ್ಟು, ಮೂರು ಮೆಟ್ಟಿಲು ಹತ್ತಿ, ಚೀಟಿ ನೋಡದೆ ಹದಿನೆಂಟು ನಿಮಿಷ ಮಾತಾಡಿದಳು. ಹಿಂದಿನ ಬೆಂಚಿನ ಮುದುಕರಿಗೂ ನಿದ್ದೆ ಬರಲಿಲ್ಲ. ನನ್ನ ಎದೆ ಇನ್ನೂ ಸಮ ಆಗಿಲ್ಲ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಎರಡು ಸಾಲು ಬರೆದರೆ ಬೆರಳು ನೋಯುತ್ತದೆ. ಆದರೂ ಇವತ್ತು ಬರೆಯುತ್ತೇನೆ. ಯಾಕೆಂದರೆ ಈ ಸಂತೋಷದ ಅಡಿಯಲ್ಲಿ ನನಗೆ ಐವತ್ತು ವರ್ಷದ ಸಿಟ್ಟು ಉಂಟು, ಅದು ನಮ್ಮ ಉಪದೇಶಿಗಳ ಮೇಲಿನದು.

ಉಪದೇಶಿಗಳ ಬಲಗಿವಿ ಎಡಗಿವಿಗಿಂತ ಮುಂದಕ್ಕೆ ಬಾಗಿತ್ತು. ಅಲ್ಲಿ ಯಾವಾಗಲೂ ಒಂದು ಮೊಂಡು ಪೆನ್ಸಿಲು. ಸಿಕ್ಕಿಸಿ ಸಿಕ್ಕಿಸಿ ಕಿವಿ ಹಾಗೆಯೇ ನಿಂತುಬಿಟ್ಟಿತ್ತು. ದೂರದಿಂದ ನೋಡಿದರೆ ಯಾರದೋ ಮಾತನ್ನು ಕದ್ದು ಕೇಳುತ್ತಿರುವ ಹಾಗೆ ಕಾಣುತ್ತಿತ್ತು. ಕದ್ದು ಕೇಳುತ್ತಲೂ ಇದ್ದರು, ಅದನ್ನೇ ಹೇಳಲಿಕ್ಕೆ ಹೊರಟಿದ್ದೇನೆ.

ಸಭಾಪಾಲಕರು, ಎಂದರೆ ಪಾದ್ರಿಗಳು, ನಾಲ್ಕು ವರ್ಷಕ್ಕೊಮ್ಮೆ ಬದಲಾಗುತ್ತಿದ್ದರು. ಉಪದೇಶಿಗಳು ಮಾತ್ರ ಬದಲಾಗಲಿಲ್ಲ. ಮನೆ ಮನೆಗೆ ಹೋಗಿ ಪ್ರಾರ್ಥನೆ ಮಾಡುವುದು, ಕಾಯಿಲೆಯವರನ್ನು ನೋಡುವುದು, ತಿಂಗಳಿಗೆ ಎರಡು ಆದಿತ್ಯವಾರ ಪ್ರಸಂಗ ಮಾಡುವುದು ಅವರ ಕೆಲಸ. ಸೋಮವಾರ ಬೆಳಿಗ್ಗೆ ಮುಂದಿನ ವಾರದ ಸತ್ಯವೇದ ಪಾಠ ಓದಿ, ಕಥೆ ಹುಡುಕಲಿಕ್ಕೆ ಹೊರಡುತ್ತಿದ್ದರು. ಮಂಗಳೂರಿನ ಕಂಕನಾಡಿ ಮಾರ್ಕೆಟ್ಟು, ಬಸ್ಸಿನ ಹಿಂದಿನ ಸೀಟು, ನಾನು ಕೆಲಸ ಮಾಡುತ್ತಿದ್ದ ಹಂಚಿನ ಕಾರ್ಖಾನೆಯ ಗೇಟು. ಕಥೆ ಹೇಳು ಎಂದು ಯಾರನ್ನೂ ಕೇಳುತ್ತಿರಲಿಲ್ಲ. ಅವರು ಕೇಳುತ್ತಿದ್ದದ್ದು ಒಂದೇ: "ಇವತ್ತು ಎಂತ ಸಿಟ್ಟು ಮಾರಾಯ್ತಿ?"

"ಹೇಗಿದ್ದೀರಿ ಅಂತ ಕೇಳಬಾರದಾ?" ಎಂದು ಒಮ್ಮೆ ನಾನು ರೇಗಿದೆ.

"ಹೇಗಿದ್ದೀರಿ ಅಂದ್ರೆ ಎಲ್ಲರೂ ಚೆನ್ನಾಗಿದ್ದೇನೆ ಅಂತಾರೆ. ಸಿಟ್ಟಲ್ಲಿ ಸುಳ್ಳು ಕಮ್ಮಿ" ಎಂದರು.

ನನ್ನ ಸಿಟ್ಟು ಅವರಿಗೆ ಕೇಳದೆಯೇ ಸಿಕ್ಕಿತು.

ನನ್ನ ತಂಗಿ ಹತ್ತೊಂಬತ್ತು ವರ್ಷಕ್ಕೆ ಒಬ್ಬನ ಜೊತೆ ಬೊಂಬಾಯಿಗೆ ಓಡಿಹೋದಳು. ಏಳು ವರ್ಷ ಕಾಗದ ಇಲ್ಲ, ಸುದ್ದಿ ಇಲ್ಲ. ಅಪ್ಪ ಅದೇ ಕೊರಗಿನಲ್ಲಿ ಹೋದರು. ನಾನು ಕಾರ್ಖಾನೆಯಲ್ಲಿ ಮಣ್ಣು ಹೊತ್ತು ಅಮ್ಮನನ್ನು ನೋಡಿಕೊಂಡೆ. ಬಂದ ಎರಡು ಸಂಬಂಧಗಳೂ ತಂಗಿಯ ಕಥೆ ಕೇಳಿ ತಿರುಗಿಹೋದವು; ನನಗೆ ಮದುವೆಯಾದದ್ದು ಇದೆಲ್ಲ ಕಳೆದ ಮೇಲೆ. ಒಂದು ಸಂಜೆ ಮೊಣಕೈವರೆಗೆ ಮಣ್ಣು ಮಾಡಿಕೊಂಡು ಮನೆಯ ಓಣಿಗೆ ತಿರುಗುತ್ತೇನೆ, ಕೋಳಿ ಸಾರಿನ ಪರಿಮಳ! ಪಕ್ಕದ ಮನೆಯವಳು ಬೇಲಿಯ ಆಚೆಯಿಂದ ಹೇಳಿದಳು, "ನಿನ್ನ ತಂಗಿ ಬಂದಿದ್ದಾಳೆ ಮಾರಾಯ್ತಿ. ಅಮ್ಮನ ಕಾಲು ನೆಲದಲ್ಲಿ ಇಲ್ಲ."

ಅಮ್ಮ ಕೊಯ್ದದ್ದು ನನ್ನ ಕೋಳಿಯನ್ನು. ಕ್ರಿಸ್ಮಸ್ಸಿಗೆಂದು ಗಂಜಿಯ ಅಗುಳು ಹಾಕಿ ಸಾಕಿದ ಕೆಂಪು ಕೋಳಿ. ನನಗೆ ಒಂದು ದಿನ ಒಂದು ಮೊಟ್ಟೆ ಹೆಚ್ಚಿಗೆ ಬಡಿಸದ ಅಮ್ಮ!

ನಾನು ಒಳಗೆ ಹೋಗಲಿಲ್ಲ. ಬಾವಿಯ ಹತ್ತಿರ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತೆ. ಅಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ಬಾ ಮಗಾ, ತಣಿಯುತ್ತದೆ." ನಾನು ಮುಖವನ್ನು ಬಾವಿಯ ಕಡೆ ತಿರುಗಿಸಿದೆ. ಅಮ್ಮ ನನ್ನ ಪಕ್ಕದಲ್ಲಿ ನೆಲಕ್ಕೆ ಕುಳಿತಳು. ಅವಳೂ ಮತ್ತೆ ಒಳಗೆ ಹೋಗಲಿಲ್ಲ. ಏಳು ವರ್ಷ ಕಾದ ಮಗಳು ಬಂದ ದಿನ ನನ್ನ ಅಮ್ಮ ನನ್ನಿಂದಾಗಿ ಉಪವಾಸ ಮಲಗಿದಳು. ಊಟಕ್ಕೆ ಮೊದಲು ಪ್ರಾರ್ಥನೆ ಮಾಡಲಿಕ್ಕೆ ಕರೆಸಿದ್ದ ಉಪದೇಶಿಗಳು ಒಳಗಿನಿಂದ ಎಲ್ಲವನ್ನೂ ನೋಡಿದ್ದರು.

ಎರಡು ತಿಂಗಳ ನಂತರ ದೇವಾಲಯದಲ್ಲಿ ಲೂಕನ ಹದಿನೈದನೇ ಅಧ್ಯಾಯದ ಪಾಠ ಬಂತು. ಓಡಿಹೋದ ಕಿರಿಮಗ ಹಿಂದಿರುಗುತ್ತಾನೆ, ತಂದೆ ಔತಣ ಮಾಡುತ್ತಾನೆ, ಹೊಲದಿಂದ ಬಂದ ಹಿರಿಮಗ ಸಿಟ್ಟಿನಲ್ಲಿ ಹೊರಗೇ ನಿಲ್ಲುತ್ತಾನೆ. ಉಪದೇಶಿಗಳು ಗಂಟಲು ಸರಿಮಾಡಿ ಶುರು ಮಾಡಿದರು: "ಒಂದು ಊರಲ್ಲಿ ಒಬ್ಬ ಅಕ್ಕ. ಅವಳ ತಂಗಿ ತಿರುಗಿ ಬಂದಾಗ ತಾಯಿ ಒಂದು ಆಡು ಕೊಯ್ದಳು. ಅಕ್ಕ ಹಲಸಿನ ಮರದ ಬುಡದಲ್ಲಿ ಕುಳಿತಳು."

ಕೋಳಿಯನ್ನು ಆಡು ಮಾಡಿದರೆ, ಬಾವಿಯನ್ನು ಹಲಸಿನ ಮರ ಮಾಡಿದರೆ ಯಾರಿಗೂ ತಿಳಿಯುವುದಿಲ್ಲ ಎಂದು ಆ ಮನುಷ್ಯ ನಂಬಿದ್ದರು! ಹೆಂಗಸರ ಬದಿಯ ತಲೆಗಳೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದವು. ನನ್ನ ಹಿಂದೆ ಕುಳಿತಿದ್ದ ಪಕ್ಕದ ಮನೆಯವಳು, ಕಿವಿ ಮಂದ ಅವಳಿಗೆ, ತನಗೆ ಮಾತ್ರ ಕೇಳುತ್ತದೆ ಎಂದುಕೊಂಡು ಗಟ್ಟಿಯಾಗಿ ಹೇಳಿದಳು: "ಆಡು ಅಲ್ಲ, ಕೋಳಿ."

ನಾನು ಎದ್ದು ಹೊರಗೆ ಹೋದೆ. ಪ್ರಸಂಗ ಮುಗಿಯುವವರೆಗೆ ಗೇಟಿನಲ್ಲಿ ನಿಂತು ಅವರನ್ನು ಹಿಡಿದೆ.

"ಕದಿಯಬಾರದು ಅಂತ ನಮಗೆ ಬಾಯಿಪಾಠ ಮಾಡಿಸಿದ್ದು ನೀವೇ ಅಲ್ವಾ? ನನ್ನ ಮನೆಯ ಅಂಗಳದಿಂದ ಕದ್ದು ತಂದು ಇಲ್ಲಿ ಹಂಚಿದ್ರಲ್ಲ, ನಿಮಗೆ ನಾಚಿಕೆ ಇಲ್ವಾ?"

ಅವರು ಪೆನ್ಸಿಲನ್ನು ಕಿವಿಯಿಂದ ತೆಗೆದರು, ಮತ್ತೆ ಅಲ್ಲೇ ಇಟ್ಟರು. "ಹೌದು, ಕದ್ದೆ" ಎಂದರು. ಅಷ್ಟೇ. ಸಮಜಾಯಿಷಿ ಕೊಟ್ಟಿದ್ದರೆ ಇನ್ನೂ ನಾಲ್ಕು ಬೈಯಬಹುದಿತ್ತು, ಅದಕ್ಕೂ ಬಿಡಲಿಲ್ಲ.

ಮುಂದಿನ ಆದಿತ್ಯವಾರ ಪ್ರಸಂಗಪೀಠದಲ್ಲಿ ನಿಂತು, "ಕಳೆದ ಸಲ ನಾನು ಇಲ್ಲಿ ಒಂದು ಕಳ್ಳತನ ಮಾಡಿದೆ, ಆ ಅಕ್ಕನ ಕ್ಷಮೆ ಕೇಳುತ್ತೇನೆ" ಎಂದರು. ತಲೆಗಳೆಲ್ಲ ಮತ್ತೆ ನನ್ನ ಕಡೆ! ಕಳೆದ ವಾರ ಬಾರದವರಿಗೂ ಈಗ ಗೊತ್ತಾಯಿತು. ಇಂಥ ಮನುಷ್ಯನನ್ನು ಎಂತ ಮಾಡುವುದು?

ಆದರೆ ಆ ದಿನದಿಂದ ಅವರ ಕ್ರಮ ಬದಲಾಯಿತು. ಅವರು ಕಥೆಗಳನ್ನು ಬರೆಯುತ್ತಿದ್ದದ್ದು ಗೋಡೆ ಕ್ಯಾಲೆಂಡರಿನಿಂದ ದಿನಾ ಹರಿಯುವ ಹಾಳೆಯ ಹಿಂದೆ. ಬರೆದದ್ದನ್ನು, ಅಂಗಡಿಯವರು ಬಿಲ್ಲು ಚುಚ್ಚುವ ತಂತಿಯ ಸರಿಗೆಗೆ ಚುಚ್ಚಿ ಇಡುವುದು. ಈಗ ಪ್ರತಿ ಹಾಳೆಯ ಕೆಳಗೆ 'ಯಜಮಾನ' ಅಥವಾ 'ಯಜಮಾನಿ' ಎಂದು ಬರೆದು ಕಥೆ ಯಾರದ್ದೋ ಅವರ ಹೆಸರು ಹಾಕತೊಡಗಿದರು. ಅವರನ್ನು ಕಂಡು ಕೇಳಿ, ಆಗಬಹುದು ಎಂದರೆ ಮಾತ್ರ ಸರಿ ಗುರುತು. ಗುರುತು ಇಲ್ಲದ ಕಥೆ ಎಷ್ಟು ಚಂದ ಇದ್ದರೂ ಬಾಯಿಗೆ ಬರುತ್ತಿರಲಿಲ್ಲ. ಶನಿವಾರ ಸಂಜೆ ಕಾರ್ಖಾನೆ ಬಿಡುವ ಹೊತ್ತಿಗೆ ಗೇಟಿನಲ್ಲಿ ನಿಂತು ನನಗೆ ಓದಿ ಹೇಳುತ್ತಿದ್ದರು. "ಇದು ಯಾರದ್ದು ಅಂತ ಗೊತ್ತಾಗ್ತದಾ?" ಗೊತ್ತಾಗುತ್ತದೆ ಎಂದರೆ ಮತ್ತೆ ಯಜಮಾನರ ಮನೆಗೆ. ನಾನು ಮುಖ ಸಿಂಡರಿಸಿಕೊಂಡೇ ಕೇಳುತ್ತಿದ್ದೆ. ಒಂದು ಶನಿವಾರವನ್ನೂ ತಪ್ಪಿಸಲಿಲ್ಲ.

ಕಂಕನಾಡಿಯ ಒಣಮೀನಿನ ಹೆಂಗಸಿನ ಕಥೆ ಹಾಗೆ ಬಂದದ್ದು. ಅವಳು ನಮ್ಮ ಸಭೆಯವಳಲ್ಲ, ಊರಿನ ದೈವ-ಭೂತಕ್ಕೆ ಕೈಮುಗಿಯುವವಳು. ಎಂತ ಸಿಟ್ಟು ಎಂದು ಕೇಳಿದ್ದಕ್ಕೆ, "ಸೊಸೆಯ ಮೇಲೆ! ಉಪ್ಪು ಉಳಿಸಿದ್ದಾಳೆ ಮಾರಾಯ್ರೆ. ಉಪ್ಪು ಕಮ್ಮಿ ಆದ್ರೆ ಒಣಮೀನಿಗೆ ಮೊದಲು ಬರುವುದು ಹುಳ, ಗಿರಾಕಿ ಅಲ್ಲ" ಎಂದಳಂತೆ. ಆ ವಾರದ ಪಾಠ ಸಪ್ಪೆಯಾದ ಉಪ್ಪಿನದ್ದು. "ಸೊಸೆಯನ್ನು ಬಿಡಿ, ಹುಳವನ್ನು ಹೇಳಿ" ಎಂದು ಅಪ್ಪಣೆ ಸಿಕ್ಕಿತು. ಆದಿತ್ಯವಾರ ಅವಳೇ ಬಂದು ಬಾಗಿಲಲ್ಲಿ ನಿಂತು ಪ್ರಸಂಗ ಕೇಳಿ, "ಹುಳ ಸರಿಯಾಗಿ ಹೇಳಿದ್ರಿ" ಎಂದು ಹೋದಳು.

ಈಗಿನ ಪ್ರಸಂಗಗಳಲ್ಲಿ ಎಂಥ ಕಥೆಗಳು! ಫೋನಿನಿಂದ ಇಳಿಸಿದ್ದು. ಹಿಮದಲ್ಲಿ ಸಿಕ್ಕಿಬಿದ್ದ ಪ್ರಯಾಣಿಕ, ಹದ್ದಿನ ಮರಿ, ಒಬ್ಬ ರಾಜನಿಗೆ ಮೂರು ಮಂತ್ರಿಗಳು. ಮಂಗಳೂರಿನಲ್ಲಿ ಹಿಮ ಕಂಡದ್ದು ಫ್ರಿಜ್ಜಿನಲ್ಲಿ ಮಾತ್ರ. ಆ ಪ್ರಯಾಣಿಕನನ್ನು ಯಾರೂ ನೋಡಿಲ್ಲ, ಅವನನ್ನು ಯಾರೂ ಕೇಳಿಲ್ಲ. ಒಂದೇ ಕಥೆಯನ್ನು ಮೂರು ಬಾಯಲ್ಲಿ ಕೇಳಿದ್ದೇನೆ. ಮೂರನೆಯವರು ಅದು ತಮ್ಮ ಗೆಳೆಯನಿಗೇ ಆದದ್ದು ಎಂದರು!

ಸಭೆಯ ಹಿರಿಯರಿಗೆ ಅದೇ ರುಚಿಸಿತು. ಉಪದೇಶಿಗಳಿಗೆ ಎಪ್ಪತ್ತೈದು ದಾಟಿದಾಗ ಒಂದು ದಿನ ಚಹಾ ಕೊಟ್ಟು, ಶಾಲು ಹೊದೆಸಿ, ಇನ್ನು ವಿಶ್ರಾಂತಿ ಮಾಡಿ ಎಂದರು. ಒಬ್ಬ ಹಿರಿಯರು ನಗುತ್ತಾ, "ನಿಮ್ಮ ಪ್ರಸಂಗದಲ್ಲಿ ಯಾವಾಗಲೂ ಮೀನಿನ ವಾಸನೆ ಅಲ್ವಾ" ಎಂದರು. ಯೇಸುಸ್ವಾಮಿ ಶಿಷ್ಯರನ್ನು ಎಲ್ಲಿಂದ ಕರೆದದ್ದು, ಮೀನಿನ ದೋಣಿಯಿಂದಲಾ ಸೆಂಟಿನ ಅಂಗಡಿಯಿಂದಲಾ? ಇದನ್ನು ನಾನು ಆಗಲೇ ಕೇಳಬೇಕಿತ್ತು. ಬಾಯಲ್ಲಿ ಬಿಸ್ಕೂಟು ಇಟ್ಟುಕೊಂಡು ಸುಮ್ಮನೆ ಕುಳಿತಿದ್ದೆ. ಆ ಬಿಸ್ಕೂಟಿಗಾಗಿ ನನ್ನ ಮೇಲೆಯೇ ಇನ್ನೂ ಸಿಟ್ಟು ಉಂಟು. ಆಮೇಲೆ ಅವರು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದರು. ಪೆನ್ಸಿಲು ಮಾತ್ರ ಕಿವಿಯಲ್ಲೇ.

ಕಳೆದ ಮಳೆಗಾಲದಲ್ಲಿ ಕಂಕನಾಡಿಯ ಆಸ್ಪತ್ರೆಯಲ್ಲಿ ಅವರನ್ನು ನೋಡಲು ಹೋದೆ. ಮಂಚದಲ್ಲಿ ಒಂದು ಮಡಚಿಟ್ಟ ಬಟ್ಟೆಯಷ್ಟೇ ಉಳಿದಿದ್ದರು.

"ಇವತ್ತು ಎಂತ ಸಿಟ್ಟು?" ಎಂದರು.

"ನಿಮ್ಮ ಮೇಲೆ. ಇಷ್ಟು ಬೇಗ ಮಲಗಿದ್ದಕ್ಕೆ."

"ಎಂಬತ್ತೇಳು ಬೇಗವಾ?" ಸ್ವಲ್ಪ ನಕ್ಕರು. ಆಮೇಲೆ ಹೇಳಿದರು, "ನಿನ್ನದೊಂದು ಹಾಳೆಗೆ ಗುರುತು ಆಗಿಲ್ಲ. ಈಗ ಕೇಳ್ತೇನೆ. ಆ ಕಥೆ ಹೇಳಬಹುದಾ?"

"ಇಲ್ಲ" ಎಂದೆ. ಸಾಯುವ ಮನುಷ್ಯನಿಗೆ ಇಲ್ಲ ಎಂದೆ.

"ಆಯ್ತು. ಯಜಮಾನಿ ನೀನು" ಎಂದು ಕಣ್ಣು ಮುಚ್ಚಿದರು. ಮೂರು ದಿನಕ್ಕೆ ಹೋದರು. ಮಣ್ಣು ಮಾಡಿದ ಮೇಲೆ ಅವರ ಮಗಳು ಒಂದು ಪ್ಲಾಸ್ಟಿಕ್ ಚೀಲ ತಂದುಕೊಟ್ಟಳು. ಒಳಗೆ ಆ ಸರಿಗೆ, ಹಾಳೆಗಳೆಲ್ಲ ಹಾಗೆಯೇ. ನಾನು ಅದನ್ನು ಕಪಾಟಿನ ಮೇಲೆ ಎಸೆದೆ.

ಈ ತಿಂಗಳು ಮೊಮ್ಮಗಳಿಗೆ ಪ್ರಸಂಗದ ಸರದಿ ಬಂತು. ಪಾಠ ಯಾವುದು? ಲೂಕ ಹದಿನೈದು! ಶಕ್ತಿನಗರದ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಫೋನು ತಿಕ್ಕುತ್ತಿದ್ದಳು. "ಅಜ್ಜಿ, ಒಂದು ಕಥೆ ಸಿಕ್ಕಿತು. ಒಬ್ಬ ರಾಜನಿಗೆ ಇಬ್ಬರು ಮಕ್ಕಳು..." ನನಗೆ ತಲೆಗೆ ಏರಿತು. ಕಪಾಟಿನಿಂದ ಚೀಲ ಎಳೆದು ಅವಳ ಮಡಿಲಿಗೆ ಹಾಕಿದೆ. "ರಾಜ ಬೇಡ. ಇದರಲ್ಲಿ ಹುಡುಕು."

ಅವಳು ಹುಡುಕಿದಳು. ಸರಿಗೆಯ ಎಲ್ಲಕ್ಕಿಂತ ಕೆಳಗೆ, ಅರಿಶಿನ ಬಣ್ಣಕ್ಕೆ ತಿರುಗಿದ ಹಾಳೆ ಸಿಕ್ಕಿತು. 'ಹೊರಗೆ ಕುಳಿತ ಅಕ್ಕ. ಯಜಮಾನಿ' ಎಂದು ಬರೆದು ನನ್ನ ಹೆಸರು. ಗುರುತಿನ ಜಾಗದಲ್ಲಿ ಎರಡು ಮಾತು: 'ಕೇಳಲಿಲ್ಲ. ಕದ್ದೆ.'

"ಇದು ನೀವಾ ಅಜ್ಜಿ? ಹೇಳಬಹುದಾ?"

ಮೂರು ದಿನ ಅವಳ ಜೊತೆ ಮಾತಾಡಲಿಲ್ಲ. ನಾಲ್ಕನೇ ದಿನ ತೆಂಗಿನಕಾಯಿ ತುರಿಯುತ್ತಾ ಹೇಳಿದೆ, "ಹೇಳು. ಆದ್ರೆ ಕೋಳಿಯನ್ನು ಆಡು ಮಾಡಬೇಡ."

ಅವಳು ಕುಣಿಯುತ್ತಾಳೆ ಎಂದುಕೊಂಡಿದ್ದೆ. ಹಾಳೆಯನ್ನೇ ನೋಡುತ್ತಾ ನಿಂತಳು. "ಇಲ್ಲಿ ನಿಮ್ಮ ಹೆಸರು ಮಾತ್ರ ಉಂಟು. ಈ ಕಥೆ ಸಣ್ಣಜ್ಜಿಯದ್ದೂ ಅಲ್ವಾ? ಅವರನ್ನು ಯಾರು ಕೇಳಿದ್ದು?"

ಯಾರೂ ಕೇಳಿರಲಿಲ್ಲ. ಆ ನಿಯಮ ಮಾಡಿದ ಮನುಷ್ಯನೂ ಕೇಳಿರಲಿಲ್ಲ, ಗೇಟಿನಲ್ಲಿ ಕೂಗಾಡಿದ ನನಗೂ ಹೊಳೆದಿರಲಿಲ್ಲ. ತಂಗಿ ಬಿಕರ್ನಕಟ್ಟೆಯಲ್ಲಿ ಸಣ್ಣ ಮನೆ ಮಾಡಿ ಒಬ್ಬಳೇ ಇದ್ದಾಳೆ. ಮದುವೆಗೆ, ಮರಣಕ್ಕೆ ಮಾತಾಡುತ್ತೇವೆ. ಒಟ್ಟಿಗೆ ಕುಳಿತು ಉಂಡದ್ದಿಲ್ಲ. ಮೊಮ್ಮಗಳು ನನ್ನನ್ನು ಆಟೋದಲ್ಲಿ ಕೂರಿಸಿಕೊಂಡು ಹೋದಳು.

ತಂಗಿ ಹಾಳೆಯನ್ನು ಕನ್ನಡಕದ ಹತ್ತಿರ ಹಿಡಿದು ಓದಿದಳು. ಅಳುತ್ತಾಳೆ ಎಂದುಕೊಂಡೆ. ಅವಳು ಸೆರಗು ಬಾಯಿಗೆ ಹಿಡಿದು ನಗತೊಡಗಿದಳು.

"ಅಕ್ಕಾ, ನೀನು ಹೊರಗೆ, ಅಮ್ಮ ಹೊರಗೆ. ನನ್ನ ಗಂಟಲಲ್ಲಿ ಇಳಿಯುತ್ತದಾ? ನಾನೂ ಆ ದಿನ ಉಣ್ಣಲಿಲ್ಲ."

"ಮತ್ತೆ ಕೋಳಿ?"

"ಉಪದೇಶಿಗಳು ಒಬ್ಬರೇ ತಿಂದದ್ದು! ಪೂರ್ತಿ. ಅಡುಗೆ ಮಾಡಿದವಳ ಮರ್ಯಾದೆಗೆ ಯಾರಾದರೂ ತಿನ್ನಬೇಕಲ್ಲ ಅಂದ್ರು. ತಿನ್ನುವಾಗ ಕಣ್ಣಲ್ಲಿ ನೀರು. ಖಾರಕ್ಕೋ ಎಂತಕ್ಕೋ."

ನನ್ನ ಕೆಂಪು ಕೋಳಿ! ಪ್ರಸಂಗದಲ್ಲಿ ಅದೊಂದನ್ನು ಹೇಳಲಿಲ್ಲ ಕಳ್ಳ. ಐವತ್ತು ವರ್ಷ ನಾನು ತಂಗಿ ತಿಂದಳು ಎಂದು ಸಿಟ್ಟು ಮಾಡಿದೆ. ಅಲ್ಲಿಯೇ ಹೊಸಿಲಲ್ಲಿ ಕುಳಿತು ಅವರನ್ನು ಬಾಯಿಗೆ ಬಂದ ಹಾಗೆ ಬೈದೆ. ಬೈಯುತ್ತಾ ಬೈಯುತ್ತಾ ನನಗೂ ನಗು ಬಂತು, ಆಮೇಲೆ ಬೇರೆ ಎಂತದೋ ಬಂತು. ಆ ಹೊತ್ತಿಗೆ ತಂಗಿ ನನ್ನ ಪಕ್ಕದಲ್ಲಿ ನೆಲಕ್ಕೆ ಕುಳಿತಿದ್ದಳು, ಅಮ್ಮನ ಹಾಗೆಯೇ. "ಹೇಳಲಿ ಅಕ್ಕಾ, ತಿಂದದ್ದು ಯಾರು ಅಂತಲೂ ಹೇಳಲಿ" ಎಂದಳು.

ಇವತ್ತು ಮೊಮ್ಮಗಳು ಕೋಳಿಯನ್ನು ಕೋಳಿ ಎಂದೇ ಹೇಳಿದಳು. ತಿಂದವರು ಯಾರೆಂದೂ ಹೇಳಿದಳು. ದೇವಾಲಯವಿಡೀ ನಕ್ಕಿತು. ಮೀನಿನ ವಾಸನೆ ಎಂದಿದ್ದ ಹಿರಿಯರು ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. ಕೊನೆಗೆ ಅವಳು ಹೇಳಿದಳು: "ಆ ಹಿರಿಮಗ ಒಳಗೆ ಹೋದನಾ ಇಲ್ಲವಾ ಅಂತ ಯೇಸುಸ್ವಾಮಿ ಹೇಳಿಲ್ಲ. ಬಾಗಿಲು ತೆರೆದೇ ಬಿಟ್ಟಿದ್ದಾರೆ. ಹೋಗುವುದು, ಬಿಡುವುದು ಹೊರಗೆ ಕುಳಿತವರಿಗೆ ಬಿಟ್ಟದ್ದು." ತಲೆಗಳೆಲ್ಲ ನನ್ನ ಕಡೆ ತಿರುಗಿದವು. ತಿರುಗಲಿ. ನನ್ನ ಪಕ್ಕದಲ್ಲಿ ತಂಗಿ ಕುಳಿತಿದ್ದಳು.

ಮನೆಗೆ ಬಂದು ಹಾಳೆಗೆ ಗುರುತು ಹಾಕಿದೆವು. ಒಂದು ನಾನು, ಒಂದು ತಂಗಿ. ಅದನ್ನು ನೋಡಲಿಕ್ಕೆ ಆ ಬಾಗಿದ ಕಿವಿಯ ಮನುಷ್ಯ ಇಲ್ಲ ಎಂಬುದೊಂದೇ ಈಗ ಉಳಿದ ಸಿಟ್ಟು.

ಸಂಜೆ ಎಲ್ಲರೂ ಒಟ್ಟಿಗೆ ಕುಳಿತೆವು. ಮಗ, ಸೊಸೆ, ಮೊಮ್ಮಗಳು, ತಂಗಿ, ನಾನು. ಗರಿಗರಿ ಅಕ್ಕಿ ರೊಟ್ಟಿ ಮುರಿದು ಬಟ್ಟಲಿಗೆ ಹಾಕಿ, ಮೇಲೆ ಕೋಳಿ ಸಾರು ಸುರಿದೆ. ತಂಗಿಗೆ ಮೊದಲು ಬಡಿಸಿದೆ. ಅವಳು, "ನೀನು ಬಾಯಿಗೆ ಇಡದೆ ನಾನು ಇಡುವುದಿಲ್ಲ" ಎಂದು ಕೈ ಹಿಂದಕ್ಕೆ ತೆಗೆದಳು. ಇಟ್ಟೆ. ಎರಡು ಕೋಳಿ ಮಾಡಿದ್ದೆ. ಸಾಲಲಿಲ್ಲ.