ತೂತು ಮುಚ್ಚಿದ ಹೆಬ್ಬೆರಳು

ಒಂದು ಫೋನ್ ಮಾಡಬೇಕಿತ್ತು, ಮಾಡಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ದೆವ್ವ, ಪವಾಡ ಎನ್ನುವವರನ್ನು ಕಂಡರೆ ನಗುತ್ತಿದ್ದವಳು ನಾನು. ಈಗ ನೀವು ನಗುವುದಾದರೆ ನಗಿ, ನಡೆದದ್ದನ್ನು ಮಾತ್ರ ನಾನು ಬದಲಿಸಿ ಹೇಳುವುದಿಲ್ಲ.

ಏಳನೆಯ ತರಗತಿಗೇ ಶಾಲೆ ಬಿಟ್ಟ ನಾನು ಪೀಣ್ಯದ ಒಂದು ಫೈಬರ್ ಶೆಡ್ಡಿನಲ್ಲಿ ನೀರಿನ ಟ್ಯಾಂಕ್ ಮಾಡುತ್ತೇನೆ. ತಮ್ಮ ಮಂಜ ಮಹದೇವಪುರದಾಚೆಯ ಕೆರೆಯೊಂದರಲ್ಲಿ, ಹಾಯಿದೋಣಿ ಕಲಿಸುವವರ ಹತ್ತಿರ ಕೆಲಸಕ್ಕಿದ್ದ. ಅಲ್ಲಿನ ಪುಟ್ಟ ದೋಣಿಯೊಂದು ಬಿರುಕು ಬಿಟ್ಟು ನಮ್ಮ ಶೆಡ್ಡಿಗೆ ಬಂತು. ಇಂಥ ದೋಣಿಯ ಹೊಟ್ಟೆ ಟೊಳ್ಳು. ಮಗುಚಿದರೂ ಒಳಗಿನ ಗಾಳಿ ಅದನ್ನು ತೇಲಿಸುತ್ತದೆ. ಒಳಗೆ ತೇವ ಆರಲೆಂದು ಹಿಂಬದಿಯಲ್ಲಿ ಒಂದು ತೂತು, ಅದಕ್ಕೊಂದು ರಬ್ಬರ್ ಬಿರಡೆ. ಬಿರಡೆ ಹಾಕದೆ ಮಗುಚಿದರೆ ನೀರು ನುಗ್ಗಿ ದೋಣಿ ಮುಳುಗಿಹೋಗುತ್ತದೆ. ಮಂಜನ ಈಜು ಅಷ್ಟಕ್ಕಷ್ಟೆ. ನೀರಲ್ಲಿ ತೇಲಿಸುವ ಜಾಕೆಟ್ ಹಾಕಿಕೋ ಎಂದರೆ ಕೇಳುವವನೂ ಅಲ್ಲ.

ರಿಪೇರಿಯಾದ ದೋಣಿಯನ್ನು ಬೆಳಿಗ್ಗೆ ಕಳಿಸಿದೆವು. ಮಂಜನೇ ಅದನ್ನು ನೀರಿಗಿಳಿಸಿ ನೋಡುವವನಿದ್ದ. ಊಟ ಮುಗಿಸಿ ಏಪ್ರನ್ ಜೇಬಿಗೆ ಕೈ ಹಾಕಿದರೆ, ರಿಪೇರಿಗೆಂದು ನಾನೇ ಬಿಚ್ಚಿಟ್ಟಿದ್ದ ದೋಣಿಯ ಬಿರಡೆ ಸಿಕ್ಕಿತು. ಮಂಜ ಫೋನ್ ಎತ್ತಲಿಲ್ಲ. ಅವನ ಮಾಲೀಕರ ನಂಬರ್ ನನ್ನಲ್ಲಿತ್ತು. ತಪ್ಪು ಗೊತ್ತಾದರೆ ನನ್ನ ಕೆಲಸ ಹೋಗುತ್ತದೆಂದು ಒತ್ತಲಿಲ್ಲ.

ಟ್ಯಾಂಕ್ ಪರೀಕ್ಷೆ ಮಾಡುವಾಗ ತೂತಿಗೆ ಹೆಬ್ಬೆರಳು ಒತ್ತಿ ಹಿಡಿಯುವುದು ನಮ್ಮ ಅಭ್ಯಾಸ. ಯಾಕೋ, ಎದುರಿಗಿದ್ದ ಖಾಲಿ ಟ್ಯಾಂಕಿನ ತೂತಿಗೆ ಹಾಗೇ ಬೆರಳೊತ್ತಿ ನಿಂತುಬಿಟ್ಟೆ. ಹಿಂದೊಮ್ಮೆ ಕಟರ್‌ಗೆ ಸಿಕ್ಕಿ ಅರ್ಧ ಉಗುರು ಕಳೆದುಕೊಂಡ ಬೆರಳು ಅದು. ಜೊತೆಗೆ ಕೆಲಸ ಮಾಡುವ ಶಾಂತಮ್ಮ ಬಂದು ನನ್ನ ಕೈ ಎಳೆದಾಗಲೇ ಎಚ್ಚರ.

“ಏನೇ, ಡ್ಯೂಟಿ ಟೈಮಲ್ಲಿ ಬಟ್ಟೆ ಒಗೀತಿದ್ಯಾ?” ಎಂದಳು.

ನೋಡಿದರೆ ಆ ಬೆರಳೊಂದೇ ನೀರಲ್ಲಿ ನೆನೆದಂತೆ ಬೆಳ್ಳಗೆ ಸುಕ್ಕುಗಟ್ಟಿತ್ತು. ಕೆರೆ ಕೆಸರಿನ ವಾಸನೆ. ಟ್ಯಾಂಕಿನಲ್ಲಿ ಒಂದು ತೊಟ್ಟು ನೀರಿರಲಿಲ್ಲ.

ಸಂಜೆ ಮಂಜ ಒದ್ದೆಯಾಗಿ ಬಂದ. ಗಾಳಿಗೆ ದೋಣಿ ಮಗುಚಿತ್ತಂತೆ. “ಬಿರಡೆ ಬಿಗಿಯಾಗಿದ್ಯಾ ಅಂತ ತಡವಿದ್ರೆ ಬಿರಡೆನೇ ಇಲ್ಲ, ಹೆಬ್ಬೆರಳು ಕಣಕ್ಕ! ಅರ್ಧ ಉಗುರು! ದಡಕ್ಕೆ ಬಂದು ನೋಡ್ತೀನಿ, ತೂತು ಬಾಯ್ಬಿಟ್ಕೊಂಡಿದೆ, ಒಳಗೆಲ್ಲ ಒಣಗಿದೆ.” ಬಿರಡೆ ಕಳೆದವನು ಅವನೇ ಎಂದುಕೊಂಡು ಮಾಲೀಕರು ಅವನನ್ನು ಕೆಲಸದಿಂದ ತೆಗೆದಿದ್ದರು. ನಾನು ಬಿರಡೆಯನ್ನು ಅಕ್ಕಿ ಡಬ್ಬಿಯ ಹಿಂದೆ ಬಚ್ಚಿಟ್ಟೆ.

ಫೈಬರ್ ಅಂಟಿಸುವ ರೆಸಿನ್ ತಾಗಿ ಬೆರಳು ಹಾಗಾಗಿದೆ ಎಂದರು ಡಾಕ್ಟರು. ರೆಸಿನ್ ಚರ್ಮವನ್ನು ಬಿರಿಸುತ್ತದೆ, ನೆನೆಸುವುದಿಲ್ಲ. ಅದನ್ನು ನನಗೆ ಯಾರೂ ಕಲಿಸಬೇಕಿಲ್ಲ. ಅಕ್ಕನ ಪ್ರೀತಿ ಕಾಪಾಡಿತು ಎಂದರು ಕೆಲವರು. ಅದನ್ನಂತೂ ಒಪ್ಪುವುದಿಲ್ಲ. ಪ್ರೀತಿ ಇದ್ದಿದ್ದರೆ ಆ ಬೆರಳು ಫೋನ್ ಒತ್ತುತ್ತಿತ್ತು.

ಮಂಜ ಮಾತ್ರ ಮನೆಗೆ ಬಂದವರಿಗೆಲ್ಲ “ನಮ್ಮಕ್ಕನೇ ಉಳಿಸಿದ್ದು” ಎನ್ನುತ್ತಿದ್ದ. ಕೇಳಿ ಕೇಳಿ ತಡೆಯಲಾಗದೆ, ಒಂದು ದಿನ ಬಿರಡೆಯನ್ನು ತಂದು ಅವನ ಊಟದ ತಟ್ಟೆಯ ಪಕ್ಕ ಇಟ್ಟೆ.

“ಇದು ನನ್ನ ಜೇಬಲ್ಲೇ ಇತ್ತು ಕಣೋ. ಗೊತ್ತಾದ್ಮೇಲೂ ನಿಮ್ಮ ಮಾಲೀಕರಿಗೆ ಹೇಳ್ಲಿಲ್ಲ. ನಿನ್ನ ಕೆಲಸ ಹೋಯ್ತು, ಆಗ್ಲೂ ಬಾಯಿ ಬಿಡ್ಲಿಲ್ಲ. ತಪ್ಪಾಯ್ತು ಮಂಜ.”